ವಾಟರ್ ಸರ್ವೀಸ್ ನೀರು ಮಳೆ ಚರಂಡಿಗೆ ಹೋಗ್ತಿದೆ, ಯಾವ ಪರ್ಮಿಷನ್ ಬೇಕು?

ಎರಡು ರ್‍ಯಾಂಪ್, ದಾವಣಗೆರೆ

ನಮಸ್ಕಾರ ಎಲ್ಲರಿಗೂ. ನಮ್ಮದು ಸಣ್ಣ ವಾಟರ್ ಸರ್ವೀಸ್. ಕಾರು, ಬೈಕು, ಭತ್ತದ ನಾಟಿ ಟೈಮಲ್ಲಿ ಟ್ರ್ಯಾಕ್ಟರ್ ಜಾಸ್ತಿ. ಆಯಿಲ್ ಚೇಂಜೂ ಮಾಡುತ್ತೇವೆ. ಇಷ್ಟು ವರ್ಷ ಪಾಲಿಕೆ ಟ್ರೇಡ್ ಲೈಸೆನ್ಸ್ ಒಂದರ ಮೇಲೇ ನಡೆಸಿಕೊಂಡು ಬಂದೆ. ತೊಳೆದ ನೀರೆಲ್ಲ ಮುಂದಿನ ಮಳೆ ಚರಂಡಿಗೆ ಹೋಗುತ್ತಿತ್ತು.

ಹೋದ ವಾರ ಜೋರು ಮಳೆ ಬಂದು ಚರಂಡಿ ಕಟ್ಟಿಕೊಂಡಿತು. ಕಪ್ಪು ನೀರು ಪಕ್ಕದ ಮನೆ ಅಂಗಳಕ್ಕೆ ನುಗ್ಗಿತು. ಅಲ್ಲಿನ ಅಜ್ಜಿ ಬೆಳಿಗ್ಗೆ ಹಾಕಿದ್ದ ರಂಗೋಲಿ ಮೇಲೆ ಎಣ್ಣೆ ಪದರ ಹೊಳೀತಾ ಇತ್ತು. ಅವರು ಬೈಯಲಿಲ್ಲ, ಸುಮ್ನೆ ಪೊರಕೆ ಹಿಡಿದು ನೀರು ತಳ್ಳುತ್ತಿದ್ದರು. ನಾನೂ ಹೋಗಿ ಸೋಪು ಹಾಕಿ ಉಜ್ಜಿದೆ, ಹಾಸುಗಲ್ಲಿಗೆ ಹಿಡಿದ ಜಿಡ್ಡು ಮಾತ್ರ ಹೋಗಲಿಲ್ಲ. ಅವತ್ತಿಂದ ಸರಿಯಾಗಿ ನಿದ್ದೆ ಇಲ್ಲ.

ಈಗ ಎಲ್ಲ ಸರಿ ಮಾಡಬೇಕು. ಒಬ್ಬ ಏಜೆಂಟ್ ಬಂದು, ಕಾಗದ ನಾನು ಮಾಡಿಸಿಕೊಡ್ತೀನಿ, ನೀವು ಏನೂ ಕಟ್ಟಿಸೋದು ಬೇಡ ಅಂತಾನೆ. ನೆಟ್‌ನಲ್ಲಿ ನೋಡಿದರೆ ಅಮೆರಿಕದಲ್ಲಿ ಮಳೆನೀರಿಗೇ ಬೇರೆ ಪರ್ಮಿಟ್ ಇದೆಯಂತೆ. ನಮಗೂ ಎರಡೆರಡು ಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಇಟಿಪಿ ಆಪರೇಟರ್, ಹರಿಹರ

ಅಣ್ಣ, ನಾನು ಇಟಿಪಿ, ಅಂದರೆ ಕೊಳಕು ನೀರು ಶುದ್ಧ ಮಾಡೋ ಘಟಕ ನಡೆಸೋನು. ಮೊದಲು ಆ ಏಜೆಂಟ್‌ನ ಬಿಡಿ. ಏನೂ ಕಟ್ಟಿಸದೆ ಕಾಗದ ತಂದರೆ ಮುಂದಿನ ಮಳೆಗೆ ಅಜ್ಜಿ ಅಂಗಳ ಮತ್ತೆ ಹಾಗೇ ಆಗುತ್ತೆ.

ಅಮೆರಿಕದ ಮಾತು ನಿಜ. ಅಲ್ಲಿ 1972ರ ಶುದ್ಧ ನೀರಿನ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು, ಕಾರ್ಖಾನೆ ಅಂಗಳದಿಂದ ಹರಿಯೋ ಮಳೆನೀರನ್ನೂ ಪರ್ಮಿಟ್ ಒಳಗೆ ಸೇರಿಸಿದರು. ನಮ್ಮಲ್ಲಿ ಹಾಗೆ ಬೇರೆ ಇಲ್ಲ. 1974ರ ಜಲ ಕಾಯ್ದೆ 25ನೇ ಸೆಕ್ಷನ್ ಕೆಳಗೆ ಮಾಲಿನ್ಯ ನಿಯಂತ್ರಣ ಮಂಡಳಿ ಸಮ್ಮತಿ ಬೇಕು. ಕಟ್ಟೋ ಮೊದಲು ಸಿಎಫ್‌ಇ ಅನ್ನೋ ಸ್ಥಾಪನಾ ಸಮ್ಮತಿ, ನಡೆಸೋಕೆ ಸಿಎಫ್‌ಓ ಅನ್ನೋ ಇನ್ನೊಂದು ಸಮ್ಮತಿ. ನಿಮ್ಮದು ಈಗಾಗಲೇ ನಡೀತಿರೋದರಿಂದ, ದಾವಣಗೆರೆಯಲ್ಲೇ ಮಂಡಳಿಯ ಪ್ರಾದೇಶಿಕ ಕಚೇರಿ ಇದೆಯಲ್ಲ, ಅಲ್ಲಿಗೆ ನೀವೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ. ಅವರಾಗಿ ಬಂದರೆ ಅದೇ ಕಾಯ್ದೆಯ 33ಎ ಸೆಕ್ಷನ್ ಕೆಳಗೆ ಕರೆಂಟು, ನೀರು ಕಟ್ ಮಾಡಿಸೋ ಅಧಿಕಾರ ಇದೆ.

ಎಷ್ಟು ಮಾಲಿನ್ಯ ಅಂತ ನೋಡಿ ಉದ್ಯಮಗಳನ್ನ ಬಣ್ಣದಲ್ಲಿ ವಿಂಗಡಿಸಿದ 2016ರ ಪಟ್ಟಿಯಲ್ಲಿ ವಾಹನ ಸರ್ವೀಸ್ ಮಧ್ಯಮ ಮಾಲಿನ್ಯದ ಕಿತ್ತಳೆ ವರ್ಗದಲ್ಲಿತ್ತು. ಅರ್ಜಿ ಹಾಕುವಾಗ ಈಗಿನ ಪಟ್ಟಿ ನೋಡಿಕೊಳ್ಳಿ. ಫೀಸು ನೀವು ಹಾಕಿರೋ ಬಂಡವಾಳದ ಮೇಲೆ.

ನೀರು ಎಲ್ಲಿಗೆ ಬಿಡ್ತೀರಿ ಅನ್ನೋದರ ಮೇಲೆ ಲೆಕ್ಕ ಬದಲಾಗುತ್ತೆ. ಯುಜಿಡಿಗೆ, ಅಂದರೆ ಒಳಚರಂಡಿಗಾದರೆ ಎಣ್ಣೆ-ಗ್ರೀಸ್ ಲೀಟರಿಗೆ 20 ಮಿಲಿಗ್ರಾಂ ದಾಟಬಾರದು, ಬಿಓಡಿ (ನೀರಲ್ಲಿರೋ ಕೊಳೆ ಎಷ್ಟು ಆಮ್ಲಜನಕ ಹೀರುತ್ತೆ ಅನ್ನೋ ಅಳತೆ) 350. ಹಳ್ಳ ಕೆರೆ ಕಡೆಗಾದರೆ ಎಣ್ಣೆ 10, ಬಿಓಡಿ 30. ಮಳೆ ಚರಂಡಿ ಅಂದರೆ ಹಳ್ಳವೇ, ಮಧ್ಯ ಯಾವ ಶುದ್ಧೀಕರಣವೂ ಇಲ್ಲ. ಅದಕ್ಕೇ ಹೇಳೋದು, ತೊಳೆದ ನೀರು ಬೇರೆ, ಮಳೆನೀರು ಬೇರೆ ಮಾಡಿ. ಎರಡೂ ಕಲೆತ ಮೇಲೆ ಎಷ್ಟು ದೊಡ್ಡ ಟ್ಯಾಂಕ್ ಕಟ್ಟಿದರೂ ಒಂದು ಮಳೆಗೆ ಸಾಲೋಲ್ಲ. ರ್‍ಯಾಂಪ್ ಮೇಲೆ ಶೀಟ್ ಹಾಕಿಸಿ, ಸುತ್ತ ನಾಲ್ಕು ಇಂಚು ದಿಂಡು ಕಟ್ಟಿಸಿ. ಮಾಡಿನ ನೀರು ಮಾತ್ರ ಮಳೆ ಚರಂಡಿಗೆ.

ದುರ್ಗದ ಸರ್ವೀಸ್

ನಮ್ಮಲ್ಲಿ ಅದಿರು ಲಾರಿ ತೊಳೆಯೋದು ಜಾಸ್ತಿ, ಕೆಂಪು ಮಣ್ಣು ಗುಡ್ಡೆ ಗುಡ್ಡೆ ಬೀಳುತ್ತೆ. ಮೂರು ತೊಟ್ಟಿ ಕಟ್ಟಿಸಿದ್ದೀನಿ. ಮೊದಲನೇದರಲ್ಲಿ ಮಣ್ಣು ಕೂರುತ್ತೆ, ಎರಡನೇದರಲ್ಲಿ ಎಣ್ಣೆ ಮೇಲೆ ತೇಲುತ್ತೆ, ಮೂರನೇದರಿಂದ ನೀರು ಹೊರಗೆ. ಮುಖ್ಯ ಏನಂದ್ರೆ ತೊಟ್ಟಿಯಿಂದ ತೊಟ್ಟಿಗೆ ಹೋಗೋ ಪೈಪಿಗೆ ಬೆಂಡ್ ಹಾಕಿ ಬಾಯಿ ಕೆಳಗೆ ಮುಳುಗಿರಬೇಕು. ನಮ್ಮ ಮೇಸ್ತ್ರಿ ಮೊದಲು ನೇರ ಪೈಪ್ ಇಟ್ಟಿದ್ದ, ತೇಲೋ ಎಣ್ಣೆಯೇ ಮೊದಲು ದಾಟಿ ಹೋಯಿತು. ಒಡೆಸಿ ಮತ್ತೆ ಮಾಡಿಸಿದೆ.

ಇನ್ನೊಂದು. ಡೀಸೆಲ್ ಸ್ಪ್ರೇ ಹೊಡೆದು ಮೇಲೆ ಶಾಂಪೂ ಹಾಕೋದು ನಿಲ್ಲಿಸಿ. ಎಣ್ಣೆ ನೀರಿನ ಜೊತೆ ಮಜ್ಜಿಗೆ ಹಾಗೆ ಕಲೆತುಬಿಡುತ್ತೆ, ಯಾವ ತೊಟ್ಟಿಯಲ್ಲೂ ಬೇರೆಯಾಗೋಲ್ಲ. ಹಳೇ ಇಂಜಿನ್ ಆಯಿಲ್ ಚರಂಡಿಗೆ ಬೇಡವೇ ಬೇಡ, 2016ರ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಬ್ಯಾರಲ್‌ಗೆ ತುಂಬಿ, ಮಂಡಳಿ ಒಪ್ಪಿಗೆ ಇರೋ ರೀಸೈಕ್ಲರ್‌ಗೇ ಕೊಟ್ಟು ರಸೀದಿ ಇಟ್ಟುಕೊಳ್ಳಿ.

ಹಳ್ಳದ ಗದ್ದೆ

ನಾನು ರೈತ, ಊರ ಕೆಳಗೆ ಗದ್ದೆ. ಕಾಲುವೆ ನೀರು ಬರೋ ಮೊದಲು ಸಸಿ ಮಡಿಗೆ ಹಳ್ಳದಿಂದ ಮೋಟರ್ ಇಟ್ಟು ನೀರೆತ್ತುತ್ತೀವಿ. ಮೊದಲ ಮಳೆ ಆದ ಮಾರನೇ ದಿನ ನೀರಲ್ಲಿ ಮುಳುಗಿರೋ ಪೈಪ್ ತುದಿಯ ಫುಟ್‌ವಾಲ್ವ್ ಎತ್ತಿದರೆ ಜಾಲರಿಗೆ ಕರೀ ಗ್ರೀಸ್ ಮೆತ್ತಿಕೊಂಡಿರುತ್ತೆ. ಬೆರಳಲ್ಲಿ ಬಳಿದು ತೆಗೀತೀನಿ. ಎಲ್ಲಿಂದ ಬರುತ್ತೆ ಅಂತ ಗೊತ್ತಿದ್ದರೂ ಯಾರನ್ನ ಕೇಳೋದು? ನೀವು ನಿಮ್ಮಷ್ಟಕ್ಕೆ ನೀವೇ ಕೇಳ್ತಾ ಇದ್ದೀರಲ್ಲ, ಓದಿ ಸಮಾಧಾನ ಆಯಿತು.

ಎರಡು ರ್‍ಯಾಂಪ್, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗದ್ದೆಯವರೇ, ಕ್ಷಮಿಸಿ, ಮಳೆ ಚರಂಡಿ ಹಳ್ಳಕ್ಕೇ ಹೋಗುತ್ತೆ ಅಂತ ನಾನು ಯೋಚನೆಯೇ ಮಾಡಿರಲಿಲ್ಲ. ಇವತ್ತಿಂದ ಡೀಸೆಲ್ ಸ್ಪ್ರೇ ಬಂದ್. ಚರಂಡಿ ಕಡೆ ಬಾಯಿಗೆ ಇಟ್ಟಿಗೆ ಇಟ್ಟು ಸಿಮೆಂಟ್ ಹಾಕಿದ್ದೀನಿ, ತೊಟ್ಟಿ ಆಗೋವರೆಗೆ ತೊಳೆಯೋದೇ ನಿಲ್ಲಿಸಿದ್ದೀನಿ. ಸೋಮವಾರ ಮಂಡಳಿ ಕಚೇರಿಗೆ ಹೋಗ್ತೀನಿ. ದುರ್ಗದ ಅಣ್ಣ, ಆ ಬೆಂಡ್ ಎಷ್ಟು ಕೆಳಗೆ ಇರಬೇಕು?

ದುರ್ಗದ ಸರ್ವೀಸ್

ನಮ್ಮದು ನೀರಿನ ಮಟ್ಟದಿಂದ ಒಂದೂವರೆ ಅಡಿ ಕೆಳಗೆ. ಆದರೆ ತಳದ ಮಣ್ಣಿಗೆ ತಾಗಬಾರದು, ಅದಕ್ಕೆ ಆಳ ನೋಡಿಕೊಂಡು ಮಾಡಿಸಿ. ಭಾನುವಾರ ನಿಮ್ಮ ಮೇಸ್ತ್ರಿ ಕರ್ಕೊಂಡು ಬನ್ನಿ. ಅವತ್ತು ತೊಟ್ಟಿ ಖಾಲಿ ಮಾಡಿ ಮಣ್ಣು ತೆಗೆಸ್ತೀವಿ, ಒಳಗೆ ಇಳಿದೇ ನೋಡಬಹುದು.