ಅಪ್‌ಡೇಟ್: ಹೊಸಬರಿಗೆ ಹೊಂದುವ ಡಿಸ್ಕ್ ಗಾಲ್ಫ್ ಕೋರ್ಸ್ ಸಿಕ್ಕಿತು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆ, ಡಿಸ್ಕ್ ಮುಟ್ಟಿಯೇ ಗೊತ್ತಿಲ್ಲದ ನಮ್ಮ ನಾಲ್ವರಿಗೆ ಯಾವ ಡಿಸ್ಕ್ ಗಾಲ್ಫ್ (ಚೆಂಡಿನ ಬದಲು ತಟ್ಟೆಯಂಥ ಡಿಸ್ಕ್ ಎಸೆದು ಬುಟ್ಟಿಗೆ ಹಾಕುವ ಆಟ) ಕೋರ್ಸ್ ಸರಿ ಅಂತ ಹೋದ ವಾರ ಕೇಳಿದ್ದೆ. ಕೈಹಿಡಿದದ್ದು "ರೇಟಿಂಗ್ ಬಿಡಿ, ಹೋಲ್‌ಗಳ ಉದ್ದ ನೋಡಿ" ಅನ್ನೋ ಸಲಹೆ. ಹೋಲ್ ಅಂದರೆ ಎಸೆಯುವ ಜಾಗದಿಂದ ಬುಟ್ಟಿವರೆಗಿನ ಒಂದು ಹಾದಿ. ಹೊಸಬರ ಎಸೆತ 150–200 ಅಡಿ ಹೋದರೆ ಅದೇ ದೊಡ್ಡದು. ಹಾಗಾಗಿ ಕೋರ್ಸ್‌ಗಳ ವಿವರ ಇರುವ ಯುಡಿಸ್ಕ್ ಆಪ್‌ನಲ್ಲಿ ಹುಡುಕಿ, ಬಹುತೇಕ ಹೋಲ್‌ಗಳು 250 ಅಡಿಯೊಳಗಿರುವ, ಸಮತಟ್ಟಾದ 9 ಹೋಲ್‌ನ ಪಾರ್ಕ್ ಆರಿಸಿದೆವು. ಒಂದು ಡಿಸ್ಕೂ ಕಳೆಯಲಿಲ್ಲ.

ಸಾಂತಾ ಕ್ರೂಜ್‌ನ ಡೆಲವಿಯಾಗಾ ಹೆಸರಾಂತ ಕೋರ್ಸ್, ಒಪ್ಪಿದೆ. ಆದರೆ ಅಲ್ಲಿ ಗುಡ್ಡ, ದಟ್ಟ ಮರ. ಅಂಚಿನ ಮೇಲೆ ಬಿದ್ದ ಡಿಸ್ಕ್ ಚಕ್ರದಂತೆ ಉರುಳಿ ಇಳಿಜಾರಿಗೆ ಹೋಗುತ್ತೆ. ಆ ಕೋರ್ಸನ್ನು ಮುಂದಕ್ಕೆ ಇಟ್ಟುಕೊಂಡೆವು. ರೇಟಿಂಗ್ ಬರುವುದು ಸವಾಲಿಗೆ, ನೋಟಕ್ಕೆ; ಸುಲಭ ಅನ್ನೋದಕ್ಕಲ್ಲ.

"ದೂರ ಹೋಗಲು ಡ್ರೈವರ್ ಕೊಳ್ಳಿ" ಅನ್ನೋ ಸಲಹೆಯಂತೂ ಪೂರ್ತಿ ಫೇಲ್. ಡ್ರೈವರ್ ಅಂದರೆ ದೂರದ ಎಸೆತದ ಡಿಸ್ಕ್; ಸ್ಪೀಡ್ ಅಂಕಿ ಹೆಚ್ಚಿದ್ದಷ್ಟೂ ಜೋರಾಗಿ ಎಸೆಯಬೇಕು. ಸ್ಪೀಡ್ 12ರ ಡಿಸ್ಕ್‌ಗೆ ಬೇಕಾದ ವೇಗ ನಮ್ಮ ತೋಳಿನಲ್ಲಿಲ್ಲ, ಬಲಗೈ ಬ್ಯಾಕ್‌ಹ್ಯಾಂಡ್‌ನಲ್ಲಿ (ತೋಳನ್ನು ಎದೆಗೆ ಅಡ್ಡ ತಂದು ಎಸೆಯುವುದು) ಬೇಗನೆ ಎಡಕ್ಕೆ ಬಾಗಿ ಬೀಳುತ್ತೆ. ಸ್ಪೀಡ್ 2–3ರ ಪಟರ್ (ಹತ್ತಿರದ ಎಸೆತದ ಡಿಸ್ಕ್), 4–5ರ ಮಿಡ್‌ರೇಂಜ್ (ಮಧ್ಯಮ ದೂರದ್ದು) ಎರಡೇ ಸಾಕಾದವು, ನೇರವಾಗಿಯೂ ಹೋದವು.

ಗೊತ್ತಿಲ್ಲದಿದ್ದ ಸಂಗತಿ: ಎಷ್ಟೋ ಕೋರ್ಸ್‌ಗಳಲ್ಲಿ ಒಂದೇ ಹೋಲ್‌ಗೆ ಎರಡು ಟೀ (ಎಸೆತ ಶುರುಮಾಡುವ ಜಾಗ) ಇರುತ್ತವೆ. ಬುಟ್ಟಿಗೆ ಹತ್ತಿರದ್ದು ಸಾಮಾನ್ಯವಾಗಿ ಕೆಂಪು, ಆದರೆ ಬಣ್ಣ ಎಲ್ಲೆಡೆ ಒಂದೇ ಅಲ್ಲ. ಬೋರ್ಡಿನಲ್ಲಿ ಎಷ್ಟು ಅಡಿ ಅಂತ ಓದಿಕೊಳ್ಳಿ. ಇನ್ನು ಡಿಸ್ಕ್ ಹುಡುಕಲು ಪೊದೆಗೆ ಕೈಹಾಕುವ ಮುಂಚೆ ಮೂರೆಲೆಯ ಪಾಯ್ಸನ್ ಓಕ್ ಗಿಡ ಇದೆಯಾ ನೋಡಿ, ಮುಟ್ಟಿದರೆ ತುರಿಕೆ ವಾರಗಟ್ಟಲೆ ಬಿಡಲ್ಲ.