ನಲವತ್ತು ಏಜೆಂಟುಗಳಿಗೆ ಒಬ್ಬ ಯಜಮಾನ ಸಾಕೆ? ಅನುಭವ ಇದ್ದವರು ಹೇಳಿ

ಬೈಕಂಪಾಡಿ ಗೇರು:
ಗೇರುಬೀಜ ರಫ್ತು ಮಾಡುವವರೊಬ್ಬರಿಗೆ ಸಾಫ್ಟ್‌ವೇರ್ ಕಟ್ಟುತ್ತಿದ್ದೇವೆ. ನಾವು ಮೂವರೇ. ದರ ನೋಡುವುದು, ಲಾರಿ ಗೊತ್ತು ಮಾಡುವುದು, ಬಂದರಿನ ಕಾಗದಪತ್ರ, ಗ್ರಾಹಕರಿಗೆ ಉತ್ತರ ಎಲ್ಲ ಸೇರಿ ಸುಮಾರು 40 ಏಜೆಂಟುಗಳಾಗುತ್ತವೆ, ಅಂದರೆ ಎಐ ಭಾಷಾ ಮಾದರಿ ಬಳಸಿ ತಾವೇ ಕೆಲಸ ಮಾಡುವ ಪ್ರೋಗ್ರಾಂಗಳು. ನಡುವೆ ಒಬ್ಬ ಸಂಯೋಜಕನನ್ನು ಕೂರಿಸಬೇಕೆ, ಅಥವಾ ಅವು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ ಎಂದು ಬಿಡಬೇಕೆ? ಮುಂಗಡ ತೆಗೆದುಕೊಂಡಾಗಿದೆ, ಮುಂದಿನ ತಿಂಗಳು ತೋರಿಸಬೇಕು.

ದಕ್ಕೆಯ ಬದಿ:
ನನ್ನ ಕಥೆ ಕೇಳಿ, ಆಮೇಲೆ ನಿಮ್ಮಿಷ್ಟ. ನಮ್ಮದು ಮೀನು ಸಾಗಾಟ. 38 ಏಜೆಂಟುಗಳು, ನಡುವೆ ಒಬ್ಬ ಸಂಯೋಜಕ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಆ ಮಳೆಗಾಲದಲ್ಲಿ ಕುಳಿತು ಕಟ್ಟಿದೆವು. ಪರೀಕ್ಷೆಯಲ್ಲಿ ಚೆನ್ನಾಗಿಯೇ ಓಡಿತು, ಮೀನೇ ಇರಲಿಲ್ಲವಲ್ಲ! ಆಗಸ್ಟ್‌ನಲ್ಲಿ ಬಂಗುಡೆ ರಾಶಿ ಬಿತ್ತು. ಬೆಳಗಿನ ಜಾವ 4.20ಕ್ಕೆ ಸಂಯೋಜಕನ ಮೆಮೊರಿ ತುಂಬಿ ಸತ್ತ. ಉಳಿದ 38ಕ್ಕೂ ಯಾವ ಕಾಯಿಲೆಯೂ ಇರಲಿಲ್ಲ, ಅಪ್ಪಣೆಗೆ ಕಾಯುತ್ತ ಸುಮ್ಮನೆ ಕುಳಿತವು. ಯಾರಿಗೆ ಯಾವ ಕೆಲಸ ಒಪ್ಪಿಸಿದ್ದೇನೆ ಎಂಬುದನ್ನೆಲ್ಲ ಆತ ತಲೆಯಲ್ಲೇ ಇಟ್ಟುಕೊಂಡಿದ್ದ, ಡಿಸ್ಕ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಮತ್ತೆ ಎಬ್ಬಿಸಿದೆ. ಎದ್ದವನೇ ಮೊದಲಿನಿಂದ ಶುರು ಮಾಡಿ, ಗೊತ್ತಾಗಿದ್ದ ಲಾರಿಯನ್ನೇ ಇನ್ನೊಮ್ಮೆ ಗೊತ್ತು ಮಾಡಿದ. ಕೋರಿಕೆಗಳಿಗೆ ಗುರುತು ಸಂಖ್ಯೆ ಇಲ್ಲದ್ದರಿಂದ, ಎರಡನೆಯ ಸಲ ಬಂದದ್ದು ಹೊಸ ಕೆಲಸವೆಂದೇ ಲಾರಿಯ ಏಜೆಂಟ್ ತಿಳಿಯಿತು. ಒಂದೇ ಹೊರೆಗೆ ಎರಡು ಲಾರಿ ಬಂದು ದಕ್ಕೆಯ ಗೇಟಿನಲ್ಲಿ ಮೂತಿಗೆ ಮೂತಿ ತಾಗಿಸಿ ನಿಂತವು. ಪಕ್ಕದ ಹೊರೆಗೆ ಲಾರಿಯೇ ಇಲ್ಲ. ಎಂಟು ಗಂಟೆಯ ಹೊತ್ತಿಗೆ ಅದರ ಮಂಜುಗಡ್ಡೆ ಕರಗಿ, ಕ್ರೇಟುಗಳ ಅಡಿಯಿಂದ ಕೆಂಪು ನೀರು ಹರಿದು ನನ್ನ ಚಪ್ಪಲಿ ಒದ್ದೆಯಾಯಿತು. ಕಿಲೋಗೆ 130 ಸಿಗಬೇಕಾದ ಬಂಗುಡೆ 25 ರೂಪಾಯಿಗೆ ಫಿಶ್‌ಮೀಲ್‌ಗೆ, ಅಂದರೆ ಮೀನಿನ ಹಿಟ್ಟಿಗೆ, ಹೋಯಿತು. 1,200 ಕಿಲೋ. 1,26,000 ರೂಪಾಯಿ ನಷ್ಟ. ಸಂಯೋಜಕ ಎಂಬ ಶಬ್ದವನ್ನೇ ನನ್ನೆದುರು ಎತ್ತಬೇಡಿ.

ಕದ್ರಿ ಗುಡ್ಡೆ:
ಯಜಮಾನನಿಲ್ಲದ ಮನೆಯ ಕಥೆಯನ್ನು ನಾನು ಹೇಳುತ್ತೇನೆ. 1980ರಲ್ಲಿ ರೀಡ್ ಸ್ಮಿತ್ ಬರೆದ ಕಾಂಟ್ರ್ಯಾಕ್ಟ್ ನೆಟ್ ಪದ್ಧತಿಯನ್ನು ಹಿಡಿದೆವು. ಕೆಲಸವಿದೆ ಎಂದು ಒಬ್ಬ ಸಾರುತ್ತಾನೆ, ಉಳಿದವರು ಬಿಡ್ ಹಾಕುತ್ತಾರೆ, ಒಳ್ಳೆಯ ಬಿಡ್‌ಗೆ ಕೆಲಸ. ಆ ಕಾಲದ ಪ್ರೋಗ್ರಾಂಗಳಿಗೆ ತಮ್ಮ ಯೋಗ್ಯತೆ ಗೊತ್ತಿತ್ತು. ಇಂದಿನ ಭಾಷಾ ಮಾದರಿಯ ಏಜೆಂಟನ್ನು ಕೇಳಿ ನೋಡಿ, ಎಲ್ಲದಕ್ಕೂ ನನ್ನಿಂದ ಆಗುತ್ತದೆ ಎನ್ನುತ್ತದೆ. ಅನುವಾದಕ್ಕೆ ಇಟ್ಟ ಏಜೆಂಟ್ ಕಸ್ಟಮ್ಸ್ ಕೆಲಸಕ್ಕೆ ಬಿಡ್ ಹಾಕಿ ಗೆದ್ದಿತು! ಮೀನಿನ ಏಲಂನಲ್ಲಾದರೆ ಸಾಲ ತೀರಿಸದವನ ಕೂಗನ್ನು ಕೂಗುವವನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಇಲ್ಲಿ ಆ ನೆನಪು ಯಾರಿಗೂ ಇರಲಿಲ್ಲ. ಹಳೆಯ ಕೆಲಸದ ಅಂಕ ನೋಡಿ ಬಿಡ್‌ನ ತೂಕ ಇಳಿಸುವ ಏರ್ಪಾಟು ಮಾಡಲು ಏಳು ವಾರ ಹಿಡಿಯಿತು.

ಅದಾದರೂ ಸಹಿಸಬಹುದು. ಒಂದು ಶನಿವಾರ ರಾತ್ರಿ ದರದ ಏಜೆಂಟ್ ಮತ್ತು ಪರಿಶೀಲನೆಯ ಏಜೆಂಟ್ ಒಂದಕ್ಕೊಂದು ಗಂಟುಬಿದ್ದವು. "ಸರಿಪಡಿಸಿದ್ದೇನೆ, ಒಮ್ಮೆ ನೋಡಿ." "ನೋಡಿದೆ, ಸಣ್ಣ ತಿದ್ದುಪಡಿ ಇದೆ, ನೀವೂ ಒಮ್ಮೆ ನೋಡಿ." ನಾನು ಬಂಟ್ವಾಳದ ಆಚೆ ನಮ್ಮ ಕುಟುಂಬದ ಕೋಲದಲ್ಲಿದ್ದೆ, ನೆಟ್‌ವರ್ಕ್ ಇಲ್ಲದ ಜಾಗ. ಒಂದೊಂದು ಸಂದೇಶ 150 ಟೋಕನ್ ಅಷ್ಟೇ (ಟೋಕನ್ ಎಂದರೆ ಮಾದರಿ ಓದುವ ಪದದ ತುಣುಕು, ಬಿಲ್ಲು ಅದರ ಲೆಕ್ಕದಲ್ಲೇ). ಆದರೆ ಪ್ರತಿ ಸಲವೂ ಹಿಂದಿನದನ್ನೆಲ್ಲ ಓದಿಯೇ ಉತ್ತರಿಸಬೇಕು. 600ನೆಯ ಸಂದೇಶಕ್ಕೆ ಬರುವಾಗ ಒಂದು ಸಲ ಓದುವುದೇ 90,000 ಟೋಕನ್, ಮೊದಲಿನಿಂದ ಕೂಡಿಸಿದರೆ 2 ಕೋಟಿ 70 ಲಕ್ಷ. ಅಂತಹ ಒಂಬತ್ತು ಜಗಳಗಳು ಒಟ್ಟಿಗೆ ನಡೆದಿದ್ದವು. ಭಾನುವಾರ ಬೆಳಿಗ್ಗೆ ಬಿ.ಸಿ. ರೋಡ್ ತಲುಪಿದಾಗ ಮೊಬೈಲ್ ಜೀವ ಪಡೆಯಿತು. ಬಿಲ್ಲು 63,100 ರೂಪಾಯಿ. ಕೊನೆಗೆ ದರ ಎಷ್ಟು ಬದಲಾಗಿತ್ತು ಗೊತ್ತೇ? ಕಿಲೋಗೆ 50 ಪೈಸೆ.

ದಕ್ಕೆಯ ಬದಿ:
ಇಷ್ಟು ಸುತ್ತಿನ ನಂತರ ನಿಲ್ಲಬೇಕು ಎಂಬ ಮಿತಿಯನ್ನೂ ಹಾಕದೆ ಕೋಲ ನೋಡಲು ಹೋದವರು ಪದ್ಧತಿಯನ್ನು ದೂರುತ್ತಿದ್ದೀರಿ.

ಕದ್ರಿ ಗುಡ್ಡೆ:
ಡಿಸ್ಕ್‌ನಲ್ಲಿ ಒಂದು ಸಾಲೂ ಬರೆಯದೆ ಬಂಗುಡೆ ಕೊಳೆಸಿದವರು ನನಗೆ ಪಾಠ ಹೇಳುವುದು ಬೇಡ.

ಮಣಿಪಾಲದ ಹಳಬ:
ಇಬ್ಬರದ್ದೂ ಹಳೆಯ ರೋಗವೇ. 1996ರಲ್ಲಿ ಫಿಪಾ ಸಂಸ್ಥೆ ಹುಟ್ಟಿದ್ದೇ ಏಜೆಂಟುಗಳ ಮಾತಿಗೆ ಒಂದು ವ್ಯಾಕರಣ ಇರಲಿ ಎಂದು. ಕೋರು, ತಿಳಿಸು, ಒಪ್ಪು, ನಿರಾಕರಿಸು ಎಂದು ಇಪ್ಪತ್ತಕ್ಕೂ ಹೆಚ್ಚು ಬಗೆಯ ಸಂದೇಶಗಳನ್ನು ಗೊತ್ತುಪಡಿಸಿದ್ದರು. 2004ರಲ್ಲಿ ನಾನು ಏಜೆಂಟುಗಳನ್ನು ಕಟ್ಟುವ ಜೇಡ್ ಎಂಬ ತಂತ್ರಾಂಶ ಬಳಸಿ ಒಂದು ಆಸ್ಪತ್ರೆಗೆ ಕೆಲಸ ಮಾಡಿದೆ. "ಹಾಸಿಗೆ ಖಾಲಿ" ಎಂದರೆ ಏನರ್ಥ ಎಂದು ತೀರ್ಮಾನಿಸಲು ಎಂಟು ತಿಂಗಳ ಸಭೆಗಳಾದವು, ರೋಗಿ ಹೋದದ್ದೋ, ಹೊದಿಕೆ ಬದಲಾದದ್ದೋ ಎಂದು. ಯೋಜನೆ ಅಲ್ಲೇ ಸತ್ತಿತು. ನನ್ನ ಬಡ್ತಿಯೂ.

ಈಗ ನಾನು ಯಾರ ನಡುವೆಯೂ ಮಾತೇ ಇಡುವುದಿಲ್ಲ. ಎಲ್ಲರೂ ಒಂದೇ ಕರಿಹಲಗೆ ನೋಡಬೇಕು, ತನ್ನ ಪಾಲಿನದು ಕಂಡರೆ ಎತ್ತಿಕೊಳ್ಳಬೇಕು, ಫಲಿತಾಂಶವನ್ನು ಅಲ್ಲೇ ಬರೆಯಬೇಕು. 1970ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹಿಯರ್‌ಸೇ-2 ಎಂಬ ಪ್ರೋಗ್ರಾಂ ಮಾತನ್ನು ಗುರುತಿಸಲು ಮಾಡಿದ್ದು ಇದನ್ನೇ. ನನ್ನ ಕರಿಹಲಗೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಒಂದೇ ಟೇಬಲ್. ಒಬ್ಬ ಹಿಡಿದ ಸಾಲನ್ನು ಇನ್ನೊಬ್ಬ ದಾಟಿ ಹೋಗಲು ಅದರಲ್ಲಿ ಸ್ಕಿಪ್ ಲಾಕ್ಡ್ ಎಂಬ ಆಯ್ಕೆ ಇದೆ. ಮೂರು ವರ್ಷದಿಂದ ಓಡುತ್ತಿದೆ. ತಿಂಗಳಿಗೆ 2,800 ರೂಪಾಯಿಯ ಸರ್ವರ್. ಆದರೆ ಇದನ್ನು ಯಾವ ಸಮ್ಮೇಳನಕ್ಕೂ ಯಾರೂ ಕರೆಯುವುದಿಲ್ಲ, ನೋಡಲು ಚಂದ ಇಲ್ಲವಲ್ಲ.

ಬಿಜೈ ಒಂಟಿ:
40 ಏಜೆಂಟುಗಳು ಏಕೆ ಮಾರಾಯರೇ? ಪ್ರತಿ ಹೆಜ್ಜೆ ನೂರಕ್ಕೆ 95 ಸಲ ಸರಿ ಎಂದೇ ಇಟ್ಟುಕೊಳ್ಳಿ. ಸಾಲಾಗಿ 20 ಹೆಜ್ಜೆ ಜೋಡಿಸಿದರೆ ಕೊನೆಯವರೆಗೆ ಸರಿಯಾಗಿ ಮುಟ್ಟುವುದು ನೂರಕ್ಕೆ 36. ನಾನು 27 ಏಜೆಂಟುಗಳಿಂದ ಶುರು ಮಾಡಿ ಮೂರಕ್ಕೆ ಇಳಿದೆ. ಉಳಿದ 24 ಈಗ ಸಾದಾ ಫಂಕ್ಷನ್‌ಗಳು, ಮಾದರಿಯನ್ನು ಕೇಳದೆ ಬರೆದಂತೆಯೇ ನಡೆಯುವ ಕೋಡ್ ತುಣುಕುಗಳು. ಜಿಎಸ್‌ಟಿ ಲೆಕ್ಕ ಹಾಕಲು ಏಜೆಂಟ್ ಇಟ್ಟಿದ್ದೆ, ಅದು ಒಂದು ದಿನ ಗ್ರಾಹಕನ ಮೇಲೆ ಕನಿಕರಪಟ್ಟು ತೆರಿಗೆ ಬಿಟ್ಟುಕೊಟ್ಟಿತು. ಗುಣಾಕಾರಕ್ಕೆ ಕನಿಕರ ಬೇಕೆ?

ಮಲ್ಪೆ ತೀರ:
ನಾನು ಸಂಯೋಜಕನ ಪರ. ಯಕ್ಷಗಾನದಲ್ಲಿ ಭಾಗವತರಿಲ್ಲದೆ ಆಟ ನಡೆದದ್ದುಂಟೆ? ಸತ್ತರೆ ಏನು ಎನ್ನುವವರಿಗೆ: ಯಜಮಾನಿಕೆ ಸರದಿಯಲ್ಲಿ ತಿರುಗಲಿ. ಉಡುಪಿಯಲ್ಲಿ ಎಂಟು ಮಠಗಳು ಎರಡೆರಡು ವರ್ಷ ಪೂಜೆಯ ಅಧಿಕಾರ ನಡೆಸಿಕೊಂಡು ಬಂದಿಲ್ಲವೇ? ನಾವು ಐದು ಸರ್ವರ್‌ಗಳಲ್ಲಿ ಸಂಯೋಜಕನನ್ನು ಹಾಗೆಯೇ ಇಟ್ಟಿದ್ದೇವೆ.

ಕದ್ರಿ ಗುಡ್ಡೆ:
ಹೋಲಿಕೆ ಪೂರ್ತಿ ತಪ್ಪು. ಉಡುಪಿಯ ಆ ಪರ್ಯಾಯದ ಸರದಿ ಮೊದಲೇ ಗೊತ್ತು, ಹಸ್ತಾಂತರ ಜನವರಿ 18 ಎಂದು ಗೊತ್ತು, ಒಂದು ಮಠಕ್ಕೆ ಮತ್ತೆ ಸರದಿ ಬರಲು 16 ವರ್ಷ. ಸರ್ವರ್ ಹೇಳಿ ಸಾಯುವುದಿಲ್ಲ. ಅದಕ್ಕೆ ಬೇಕಾದದ್ದು ಚುನಾವಣೆ, ಸರ್ವರ್‌ಗಳು ತಮ್ಮೊಳಗೆ ನಾಯಕನನ್ನು ಆರಿಸುವ, 2014ರಲ್ಲಿ ಬಂದ ರಾಫ್ಟ್ ಪದ್ಧತಿಯಂತಹದ್ದು. ಐದರಲ್ಲಿ ಮೂರು ಮತ ಸಿಕ್ಕವನು ನಾಯಕ. ಎಲ್ಲರೂ ಒಟ್ಟಿಗೆ ಎದ್ದು ಅಭ್ಯರ್ಥಿಗಳಾಗಬಾರದೆಂದು ಒಬ್ಬೊಬ್ಬರ ಕಾಯುವ ಅವಧಿ ಬೇರೆ ಬೇರೆ. ನೀವು ಮಾಡಿರುವುದು ಯಾವುದು, ಸರದಿಯೋ ಚುನಾವಣೆಯೋ?

ಮಲ್ಪೆ ತೀರ:
ಚುನಾವಣೆಯೇ. ತಿಳಿಯಲಿ ಎಂದು ಹೋಲಿಸಿದೆ. ಹೋಲಿಕೆಯಲ್ಲೂ ಜನವರಿ 18 ಹುಡುಕುವವರ ಜೊತೆ ಏನು ಮಾತು.

ಪುತ್ತೂರು ಅಡಿಕೆ:
ಭಾಗವತರ ವಿಷಯವೂ ಸರಿಯಿಲ್ಲ. ಪದ್ಯ ಅವರದ್ದು, ಅರ್ಥ ವೇಷಧಾರಿಯದ್ದು. ಏನು ಮಾತಾಡಬೇಕೆಂದು ಭಾಗವತರು ಹೇಳಿಕೊಡುವುದಿಲ್ಲ. ಮಾತು ಉದ್ದವಾದರೆ ಮುಂದಿನ ಪದ್ಯ ಎತ್ತುತ್ತಾರೆ, ಅಷ್ಟೇ. ನಿಜವಾದ ಸಂಯೋಜಕ ಹಾಗಿರಬೇಕು. ಕೆಲಸ ತಾನು ಮಾಡಬಾರದು, ಸಮಯ ಮಾತ್ರ ನೋಡಬೇಕು. ನಮ್ಮ ತೆಂಕುತಿಟ್ಟಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಮಲ್ಪೆ ತೀರ:
ಬಡಗಿನಲ್ಲಿ ಕಾಣುವುದಿಲ್ಲ ಎಂದೇ?

ಪುತ್ತೂರು ಅಡಿಕೆ:
ಹಾಗೆ ಹೇಳಲಿಲ್ಲ. ಹೇಳಿದರೂ ತಪ್ಪಲ್ಲ.

ಕಾರ್ಕಳ ಕಲ್ಲು:
ತಿಟ್ಟು ಬಿಡಿ. 1986ರಲ್ಲಿ ಎರಿಕ್ಸನ್ ಕಂಪನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಶುರು ಮಾಡಿದ ಅರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ಉತ್ತರ ಇದೆ: ಕೆಟ್ಟದ್ದು ಸಾಯಲಿ, ಮೇಲಿನ ಮೇಲ್ವಿಚಾರಕ ಹೊಸದನ್ನು ಹುಟ್ಟಿಸಲಿ. ಭಾಷಾ ಮಾದರಿಗೆ ಅದನ್ನೇ ಮಾಡಿ ನಾನು ಕೆಟ್ಟೆ, ಅದೂ ನಿಜ. ಸತ್ತು ಹುಟ್ಟಿದ ಏಜೆಂಟ್ ಅದೇ ಕೆಟ್ಟ ದಾಖಲೆಯನ್ನು ಓದಿ ಮತ್ತೆ ಸಾಯುತ್ತಿತ್ತು, ಒಂದು ರಾತ್ರಿಯಲ್ಲಿ 411 ಸಲ. ಮೂರು ಸಲ ಸತ್ತರೆ ಆ ಕೆಲಸವನ್ನು ಬದಿಗಿಟ್ಟು ಮನುಷ್ಯನಿಗೆ ಒಪ್ಪಿಸುವ ಬುಟ್ಟಿ ಇಟ್ಟ ಮೇಲೆ ನಿದ್ದೆ ಬಂತು. ಬೆಳಿಗ್ಗೆ ಬುಟ್ಟಿ ನೋಡುವವಳು ನನ್ನ ಹೆಂಡತಿ. ಸಂಬಳ ಕೇಳುತ್ತಿದ್ದಾಳೆ.

ಬೈಕಂಪಾಡಿ ಗೇರು:
ಎಲ್ಲರಿಗೂ ವಂದನೆ. ಆದರೆ ನನ್ನ ಏಜೆಂಟುಗಳಲ್ಲಿ 12 ಮಾತ್ರ ಒಂದಕ್ಕೊಂದು ಸಂಬಂಧ ಇರುವವು, ಉಳಿದವು ಬೇರೆಬೇರೆಯಾಗಿ ಓಡುವಂತಹವು. ಹಾಗಿದ್ದರೆ ಏನು ಮಾಡಲಿ?

ಬಿಜೈ ಒಂಟಿ:
28ನ್ನು ಇಂದೇ ಫಂಕ್ಷನ್ ಮಾಡಿ. ಆಮೇಲೆ 12ರ ವಿಷಯಕ್ಕೆ ಬನ್ನಿ.

ಮಣಿಪಾಲದ ಹಳಬ:
12ಕ್ಕೂ ಕರಿಹಲಗೆ ಸಾಕು ಎಂದು ಆಗಲೇ ಹೇಳಿದ್ದೇನೆ. ಓದುವುದಿಲ್ಲ ಯಾರೂ.

ಕದ್ರಿ ಗುಡ್ಡೆ:
ದಕ್ಕೆಯವರೇ, ಒಂದು ಉಳಿಯಿತು. ಆ ಎರಡನೆಯ ಲಾರಿಯ ಬಾಡಿಗೆ ಕೊಟ್ಟಿರೋ ಇಲ್ಲವೋ?

ದಕ್ಕೆಯ ಬದಿ:
ಅರ್ಧ ಕೊಟ್ಟೆ. ಕೋರಿಕೆ ಎರಡು ಸಲ ಬಂದ ಸಂದೇಶವನ್ನು ಡ್ರೈವರ್ ತನ್ನ ಮೊಬೈಲ್‌ನಲ್ಲಿ ಉಳಿಸಿಕೊಂಡಿದ್ದಾನೆ. ನನ್ನ ಸಂಯೋಜಕ ಇಡದ ದಾಖಲೆಯನ್ನು ಅವನು ಇಟ್ಟಿದ್ದಾನೆ. ದಕ್ಕೆಯಲ್ಲಿ ಸಿಕ್ಕಿದಾಗಲೆಲ್ಲ ತೆಗೆದು ತೋರಿಸುತ್ತಾನೆ.