ಸಹಾಯ ಬೇಕು: ಮಗಳ ಹೊರಾಂಗಣ ಆಟಕ್ಕೆ ಬೆಳಗಿನ ಹೊತ್ತೋ, ಸಂಜೆಯೋ?

ಎಲ್ಲರಿಗೂ ನಮಸ್ಕಾರ. ಆರು ವರ್ಷದ ನನ್ನ ಮಗಳ ನಿದ್ದೆಯ ವಿಷಯದಲ್ಲಿ ಅನುಭವವುಳ್ಳ ಪೋಷಕರ ಸಲಹೆ ಬೇಕಾಗಿದೆ.

ಎರಡು ತಿಂಗಳಿಂದ ಅವಳು ಹೊರಗೆ ಆಡುವುದು ಬಹುತೇಕ ನಿಂತುಹೋಗಿದೆ. ಅಂದಿನಿಂದ ರಾತ್ರಿ ಒಂಬತ್ತಕ್ಕೇ ಮಲಗಿಸಿದರೂ ಹತ್ತೂವರೆಯವರೆಗೆ ಹೊರಳಾಡುತ್ತ, ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ, ‘ಅಮ್ಮಾ, ನಿದ್ದೆ ಎಲ್ಲಿಂದ ಬರುತ್ತೆ?’ ಎಂದು ಕೇಳುತ್ತಿರುತ್ತಾಳೆ. (ಉತ್ತರ ಗೊತ್ತಿದ್ದರೆ ನಾನೂ ಮಲಗುತ್ತಿದ್ದೆ.) ಬೆಳಿಗ್ಗೆ ಆರೂವರೆಗೆ ಎಬ್ಬಿಸಲೇಬೇಕಾದ್ದರಿಂದ ಅವಳಿಗೆ ಸಿಗುವುದು ಎಂಟೇ ಗಂಟೆ, ಆದರೆ 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆಯ ನಿದ್ದೆ ಬೇಕೆಂಬುದು ತಜ್ಞರ ಶಿಫಾರಸು. ಮಲಗುವ ಮುನ್ನ ಮೊಬೈಲ್, ಟಿವಿ ಕೊಡುವುದಿಲ್ಲ. ವೈದ್ಯರೂ ತೊಂದರೆಯೇನಿಲ್ಲ ಎಂದಿದ್ದಾರೆ.

ಆಟದಿಂದಾಗುವ ದಣಿವಷ್ಟೇ ನಿದ್ದೆ ತರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಆದರೆ ಮನೆಯ ದೀಪಗಳ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮಾತ್ರವಿದ್ದು, ಮೋಡ ಕವಿದ ಹಗಲಿನಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆಂದೂ, ಬೆಳಗಿನ ಆ ಬೆಳಕು ದೇಹದ ಗಡಿಯಾರವನ್ನು ಹೊಂದಿಸಿ ರಾತ್ರಿ ನಿದ್ದೆಗೆ ಸಜ್ಜುಗೊಳಿಸುವ ಮೆಲಟೋನಿನ್ ಹಾರ್ಮೋನು ಬೇಗ ಸ್ರವಿಸಲು ನೆರವಾಗುತ್ತದೆಂದೂ ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಕಳೆದೆರಡು ಭಾನುವಾರ ಬೆಳಿಗ್ಗೆ ಮುಕ್ಕಾಲು ಗಂಟೆ ಆಡಿಸಿದಾಗ ಒಂಬತ್ತೂವರೆಗೇ ನಿದ್ದೆ ಹೋದಳು. ರಾತ್ರಿ ಎಂಟರವರೆಗೆ ಓಡಾಡಿದ ದಿನವಾದರೋ ಹತ್ತಾದರೂ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಎರಡೇ ದಿನ ನೋಡಿ ತೀರ್ಮಾನಕ್ಕೆ ಬರಲು ಧೈರ್ಯವಿಲ್ಲ.

ವಾರದ ದಿನಗಳಲ್ಲಿ ನನಗೆ ಸಾಧ್ಯವಿರುವುದು ಬೆಳಿಗ್ಗೆ ಅರ್ಧ ಗಂಟೆ ಅಥವಾ ಸಂಜೆ ಆರರ ನಂತರ ಒಂದು ಗಂಟೆ. ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ? ಸಂಜೆಯಾದರೆ ಮಲಗುವುದಕ್ಕೆ ಎಷ್ಟು ಮೊದಲು ಆಟ ನಿಲ್ಲಿಸುತ್ತೀರಿ, ಬದಲಾವಣೆ ಕಾಣಲು ಎಷ್ಟು ದಿನ ಹಿಡಿಯಿತು ಎಂಬುದನ್ನು ದಯವಿಟ್ಟು ತಿಳಿಸಿ.